ಜೈಲಿನಲ್ಲಿರುವ ಲೈಂಗಿಕ ಅಪರಾಧಿಗಳ ಚಿಕಿತ್ಸೆ: ತಪ್ಪೊಪ್ಪಿಗೆಯಿಂದಲೇ ಶುರುವಾಗಬೇಕೆ?

ಪ್ರಶ್ನೆ: ಎಂ.ಎಸ್.ಡಬ್ಲ್ಯು ಮುಗಿಸಿದ್ದೇನೆ. ಸಂಸ್ಥೆಯೊಂದರ ಕಡೆಯಿಂದ ವಾರಕ್ಕೆ ಎರಡು ದಿನ ಕಲಬುರಗಿ ಕೇಂದ್ರ ಕಾರಾಗೃಹಕ್ಕೆ ಆಪ್ತಸಮಾಲೋಚನೆಗೆ ಹೋಗಬೇಕಿದೆ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆ) ಮತ್ತು ಅತ್ಯಾಚಾರದ ಕೇಸಿನವರನ್ನು ನನಗೆ ವಹಿಸಿದ್ದಾರೆ. ಮಾತಿಗೆ ಕೂತವರೆಲ್ಲ ‘ನಾ ಏನೂ ಮಾಡಿಲ್ರೀ, ಸುಳ್ಳು ಕೇಸ್ ಹಾಕ್ಯಾರ’ ಎನ್ನುತ್ತಾರಂತೆ. ಮೊದಲು ಅವರಿಂದ ತಪ್ಪು ಒಪ್ಪಿಸಬೇಕೆ? ಇಂಥವರಿಗೆ ಚಿಕಿತ್ಸೆ ಎಂಬುದು ನಿಜವಾಗಿ ಇದೆಯೇ? ಎಲ್ಲಿಂದ ಶುರು ಮಾಡಲಿ?

ಉತ್ತರ:

ಒಪ್ಪಿಸುವುದಕ್ಕೆ ಹೋಗಬೇಡಿ. ಹೊಸಬರು ಮೊದಲ ತಿಂಗಳುಗಳನ್ನು ಕಳೆದುಕೊಳ್ಳುವುದೇ ಇಲ್ಲಿ. ‘ಮಾಡಿಲ್ಲ’ ಎನ್ನುವವನು ಹೊರಗೆ ಹೋಗಿ ಮತ್ತೆ ಮಾಡುತ್ತಾನೆ, ಅತ್ತು ಕೈಮುಗಿದವನು ಮಾಡುವುದಿಲ್ಲ ಎಂಬ ಎಣಿಕೆ ಎಲ್ಲರಲ್ಲೂ ಇರುತ್ತದೆ. ಲೆಕ್ಕ ಹಾಕಿ ನೋಡಿದಾಗ ಅದು ಹುಸಿಯಾಯಿತು. ಕೆನಡಾದ ಸಂಶೋಧಕರಾದ ಹ್ಯಾನ್ಸನ್ ಮತ್ತು ಬುಸಿಯೇರ್ 1998ರಲ್ಲಿ 61 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ತಪ್ಪು ನಿರಾಕರಿಸುವುದಕ್ಕೂ, ಸಂತ್ರಸ್ತರ ಬಗ್ಗೆ ಮರುಕ ಇಲ್ಲದಿರುವುದಕ್ಕೂ, ಮತ್ತೆ ಲೈಂಗಿಕ ಅಪರಾಧ ಎಸಗುವುದಕ್ಕೂ ನಂಟು ಕಾಣಲಿಲ್ಲ. ನಂಟು ಕಂಡದ್ದು ಬೇರೆ ಕಡೆ: ಮಕ್ಕಳ ಮೇಲಿನ ಲೈಂಗಿಕ ಆಸಕ್ತಿ, ಹಿಂದೆ ಎಸಗಿದ ಲೈಂಗಿಕ ಅಪರಾಧಗಳು, ಗುರುತಿಲ್ಲದವರನ್ನು ಗುರಿ ಮಾಡಿದ್ದು, ಎಳೆ ವಯಸ್ಸು, ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟದ್ದು. ಅದೇ ಲೆಕ್ಕದಲ್ಲಿ ನಾಲ್ಕೈದು ವರ್ಷಗಳೊಳಗೆ ಮತ್ತೆ ಅಂಥದೇ ಅಪರಾಧದಲ್ಲಿ ಸಿಕ್ಕಿಬಿದ್ದವರು ಶೇ 13.4. ಸಿಕ್ಕಿಬೀಳದವರು ಇದರಲ್ಲಿ ಸೇರಿಲ್ಲ, ಆದ್ದರಿಂದ ನಿಜವಾದ ಪ್ರಮಾಣ ಇದಕ್ಕಿಂತ ಹೆಚ್ಚೇ. ಆದರೂ ‘ಇವರೆಲ್ಲ ಮತ್ತೆ ಮಾಡೇ ಮಾಡ್ತಾರ’ ಎನ್ನುವ ಮಾತಿಗೂ ಆಧಾರ ಸಾಲದು.

ಕಾನೂನಿನ ಕಾರಣವೂ ಇದೆ. ಸಜೆಯಾದವರಲ್ಲಿ ಅನೇಕರ ಮೇಲ್ಮನವಿ ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ಬಾಕಿ ಇರುತ್ತದೆ. ನಿಮ್ಮೆದುರು ಅವನು ಆಡಿದ ಮಾತನ್ನು ಯಾರಾದರೂ ಸಾಕ್ಷ್ಯವಾಗಿ ಕೇಳಿದರೆ ವಕೀಲರಿಗೆ ಇರುವಂಥ ರಕ್ಷಣೆ ನಿಮಗೆ ಇಲ್ಲ. ವಿಚಾರಣಾಧೀನ ಕೈದಿಯ ವಿಷಯದಲ್ಲಂತೂ ಘಟನೆಯ ಬಗ್ಗೆ ಕೇಳುವುದೇ ತಪ್ಪು. ದೇಶದ ಜೈಲುಗಳಲ್ಲಿ ನಾಲ್ವರಲ್ಲಿ ಮೂವರು ವಿಚಾರಣಾಧೀನರು. ಬೀದರ್, ಯಾದಗಿರಿಯ ಜಿಲ್ಲಾ ಕಾರಾಗೃಹಗಳಿಗೂ ಹೋಗುವುದಾದರೆ ನಿಮಗೆ ಸಿಗುವವರು ಬಹುಪಾಲು ಇವರೇ. ಅವರಿಗೆ ಕೊಡಬಹುದಾದದ್ದು ನಶೆ ಬಿಡಿಸುವ ನೆರವು, ಮಾನಸಿಕ ಕಾಯಿಲೆಯ ಚಿಕಿತ್ಸೆ, ಆತ್ಮಹತ್ಯೆ ತಡೆ, ಓದುಬರಹ. ಅಪರಾಧವನ್ನೇ ಕೇಂದ್ರವಾಗಿಟ್ಟ ಚಿಕಿತ್ಸೆ ಸಜೆಯಾದವರಿಗೆ ಮಾತ್ರ.

ಒಪ್ಪಿಗೆಯ ಬೆನ್ನು ಹತ್ತಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಪಾಠವನ್ನು ನೆನಪಿಡಿ. ಅಲ್ಲಿನ ಜೈಲುಗಳಲ್ಲಿ ವರ್ಷಾನುಗಟ್ಟಲೆ ನಡೆದ ಗುಂಪು ಚಿಕಿತ್ಸೆಯಲ್ಲಿ ಪ್ರತಿಯೊಬ್ಬನೂ ಎಲ್ಲರೆದುರು ತನ್ನ ಕೃತ್ಯವನ್ನು ವಿವರವಾಗಿ ಹೇಳಬೇಕಿತ್ತು. 2017ರಲ್ಲಿ ಸರ್ಕಾರವೇ ಪ್ರಕಟಿಸಿದ ಮೌಲ್ಯಮಾಪನದಲ್ಲಿ, ಚಿಕಿತ್ಸೆ ಪಡೆದ 2,562 ಗಂಡಸರ ಪೈಕಿ ಶೇ 10 ಮಂದಿ ಮತ್ತೆ ಲೈಂಗಿಕ ಅಪರಾಧ ಎಸಗಿದ್ದರು. ಪಡೆಯದವರಲ್ಲಿ ಶೇ 8. ಆ ಕಾರ್ಯಕ್ರಮವನ್ನು ಕೈಬಿಟ್ಟರು. ಇನ್ನೊಂದು ಕಡೆ, 2009ರಲ್ಲಿ ಹ್ಯಾನ್ಸನ್ ತಂಡ 23 ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಚಿಕಿತ್ಸೆ ಪಡೆದವರಲ್ಲಿ ಶೇ 10.9, ಪಡೆಯದವರಲ್ಲಿ ಶೇ 19.2 ಬಂತು. ಹೆಚ್ಚು ಅಪಾಯದವರಿಗೆ ಹೆಚ್ಚು ಹೊತ್ತು ಕೊಟ್ಟು, ಮರಳಿ ಅಪರಾಧಕ್ಕೆ ನೂಕುವ ಸಂಗತಿಗಳ ಮೇಲೇ ಕೆಲಸ ಮಾಡಿ, ಎದುರಿಗಿದ್ದವನ ಬುದ್ಧಿ, ಭಾಷೆಗೆ ತಕ್ಕಂತೆ ಹೇಳಿಕೊಟ್ಟ ಕಡೆ ಫಲ ಚೆನ್ನಾಗಿತ್ತು. ಅಂದರೆ ಚಿಕಿತ್ಸೆ ಇದೆ. ಆದರೆ ತಪ್ಪು ಜನಕ್ಕೆ, ತಪ್ಪು ರೀತಿಯಲ್ಲಿ ಕೊಟ್ಟರೆ ಕೆಡುಕೂ ಆಗುತ್ತದೆ. ಹಾಗಾಗಿ ಮೊದಲ ಕೆಲಸ ಜನರನ್ನು ವಿಂಗಡಿಸುವುದು.

ಅದಕ್ಕೂ ಮುಂಚೆ, ಅವನು ಜೀವಂತ ಇರಬೇಕಲ್ಲ. ಪೋಕ್ಸೊ ಕೇಸಿನಲ್ಲಿ ಒಳಗೆ ಬಂದವನಿಗೆ ಮೊದಲ ವಾರ ಅತ್ಯಂತ ಅಪಾಯದ್ದು. ಮಾನ ಹೋದ ಅವಮಾನ, ಹೊಡೆತದ ಭಯ, ಜೊತೆಗೆ ಕುಡಿತ ತಟ್ಟನೆ ನಿಂತ ಕಂಗಾಲು, ಮೂರೂ ಒಟ್ಟಿಗೆ ಬರುತ್ತವೆ. ಕುಡಿತ ನಿಂತ ಕೆಲವು ತಾಸಿಗೇ ಕೈನಡುಕ, ಬೆವರು, 6ರಿಂದ 48 ತಾಸಿನೊಳಗೆ ಫಿಟ್ಸ್, ಎರಡರಿಂದ ನಾಲ್ಕನೇ ದಿನಕ್ಕೆ ಗೊಂದಲ, ಇಲ್ಲದ್ದು ಕಾಣುವುದು. ಇದನ್ನು ‘ನಾಟಕ ಮಾಡ್ತಾನ’ ಎಂದು ಬಿಟ್ಟರೆ ಸಾವೂ ಆಗಬಹುದು. ನಮ್ಮ ಗಡಿ ತಾಲೂಕುಗಳಿಂದ ಬಂದವನಾದರೆ ಸೇಂದಿಯ ಬಗ್ಗೆ ತಪ್ಪದೆ ಕೇಳಿ. ತೆಲಂಗಾಣದ ಕಡೆಯ ಕಲಬೆರಕೆ ಸೇಂದಿಯಲ್ಲಿ ಕ್ಲೋರಲ್ ಹೈಡ್ರೇಟ್, ಡಯಾಜಿಪಾಮ್, ಆಲ್ಪ್ರಜೋಲಾಮ್ ಸಿಕ್ಕಿರುವುದುಂಟು. ಅದು ನಿಂತಾಗಿನ ಫಿಟ್ಸ್ ಇನ್ನೂ ತಡವಾಗಿ, ಐದಾರು ದಿನಕ್ಕೂ ಬರಬಹುದು. ಜೈಲು ವೈದ್ಯರಿಗೆ ಇದನ್ನು ಬರೆದು ತಿಳಿಸಿ. ಗ್ಲೂಕೋಸ್ ಏರಿಸುವ ಮುನ್ನ ಥಯಾಮಿನ್ (ವಿಟಮಿನ್ ಬಿ1) ಕೊಡಬೇಕು ಎಂಬುದನ್ನೂ ನೆನಪಿಸಿದರೆ ತಪ್ಪೇನಿಲ್ಲ.

ಆತ್ಮಹತ್ಯೆಯ ಅಪಾಯ ಮತ್ತೆ ಏರುವ ದಿನಗಳಿವೆ: ಜಾಮೀನು ತಿರಸ್ಕೃತವಾದ ದಿನ, ತೀರ್ಪಿನ ದಿನ, ಹೆಂಡತಿ ಮುಲಾಖತ್‌ಗೆ ಬರುವುದನ್ನು ನಿಲ್ಲಿಸಿದ ತಿಂಗಳು. ಕೋರ್ಟಿನಿಂದ ವಾಪಸಾದವನನ್ನು ಅದೇ ಸಂಜೆ ಒಮ್ಮೆ ಮಾತಾಡಿಸುವ ಏರ್ಪಾಡು ಮಾಡಿಕೊಳ್ಳಿ. ನೀವು ಇಲ್ಲದ ಐದು ದಿನ ಯಾರು ಮಾತಾಡಿಸಬೇಕು ಎಂಬುದನ್ನು ಜೈಲರ್ ಜೊತೆ ಕೂತು ಹೆಸರು ಹಿಡಿದು ಗೊತ್ತುಮಾಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಸೆಕ್ಷನ್ 103 ಮಾನಸಿಕ ಕಾಯಿಲೆಯ ಕೈದಿಗಳ ಹೊಣೆಯನ್ನು ಜೈಲು ಮತ್ತು ಸರ್ಕಾರದ ಮೇಲೆ ಹಾಕಿದೆ. ಉಪಕಾರ ಕೇಳುವಂತೆ ಕೇಳಬೇಕಿಲ್ಲ.

ಎಲ್ಲಿ ಇಡಬೇಕು ಎಂಬುದು ಸೂಪರಿಂಟೆಂಡೆಂಟರ ನಿರ್ಧಾರ, ಆದರೆ ನಿಮ್ಮ ಮಾತಿಗೆ ಬೆಲೆ ಇರುತ್ತದೆ. ಮಗುವಿನ ಕೇಸಿನವನು ಎಂದು ಬ್ಯಾರಕ್‌ನಲ್ಲಿ ಗೊತ್ತಾದರೆ ಹೊಡೆತ ಖಾತ್ರಿ. ಗೊತ್ತಾಗುವುದು ಹೇಗೆ? ಹಾಜರಿ ಕೂಗುವಾಗ ಸೆಕ್ಷನ್ ಓದುವುದು, ಬರಹಗಾರನ ಕೆಲಸಕ್ಕೆ ಹಾಕಿದ ಕೈದಿಯ ಕೈಗೆ ಹಿಸ್ಟರಿ ಟಿಕೆಟ್ (ಪ್ರತಿ ಕೈದಿಯ ವಿವರದ ದಾಖಲೆ) ಸಿಗುವುದು, ಪತ್ರಿಕೆಯ ಜಿಲ್ಲಾ ಪುಟ. ಮೊದಲ ಎರಡನ್ನು ನಿಲ್ಲಿಸಬಹುದು. ನಿಮ್ಮ ಗುಂಪಿಗೂ ‘ಪೋಕ್ಸೊ ಗ್ರೂಪ್’ ಎಂಬ ಹೆಸರು ಬೀಳದಂತೆ ನೋಡಿಕೊಳ್ಳಿ. ಸಿಟ್ಟು ಹತೋಟಿ, ಕುಡಿತ ಬಿಡುವುದು ಎಂಬ ಹೆಸರಿನ ಬೇರೆ ಗುಂಪುಗಳ ನಡುವೆ ಇದೂ ಒಂದಾಗಿರಲಿ. ರಕ್ಷಣೆಯ ಹೆಸರಲ್ಲಿ ಒಂಟಿ ಸೆಲ್‌ಗೆ ತಳ್ಳಿ ಮರೆಯುವುದು ಪರಿಹಾರವಲ್ಲ. ಏಕಾಂತದ ಬಂಧನಕ್ಕೆ ಸುಪ್ರೀಂ ಕೋರ್ಟಿನ 1978ರ ಸುನಿಲ್ ಬಾತ್ರಾ ತೀರ್ಪು ಗಟ್ಟಿ ಮಿತಿ ಹಾಕಿದೆ, ಮೇಲಾಗಿ ಒಂಟಿತನವೇ ನೇಣಿನ ಹತ್ತಿರಕ್ಕೆ ಒಯ್ಯುತ್ತದೆ. ಇದಕ್ಕೆ ಇನ್ನೊಂದು ಮಗ್ಗಲೂ ಇದೆ. ಇವರಲ್ಲಿ ಕೆಲವರು ಒಳಗೂ ಬೇಟೆಯಾಡಬಲ್ಲವರು. 18ರಿಂದ 21ರ ಹುಡುಗರ ಬ್ಯಾರಕ್ ಹತ್ತಿರ, ಬುದ್ಧಿಮಾಂದ್ಯ ಕೈದಿಯ ಪಕ್ಕ, ರಾತ್ರಿ ಕಾವಲಿನ ಹೊಣೆಯಲ್ಲಿ ಅಂಥವನನ್ನು ಇಡಬಾರದು. ಮಹಿಳಾ ವಿಭಾಗದಲ್ಲಿ ತಾಯಂದಿರ ಜೊತೆ ಆರು ವರ್ಷದವರೆಗಿನ ಮಕ್ಕಳು ಇರಬಹುದು. ನಲ್ಲಿ, ಕರೆಂಟ್ ರಿಪೇರಿಯ ನೆಪದಲ್ಲೂ ಇವರು ಅತ್ತ ಸುಳಿಯಬಾರದು.

ಇನ್ನು ವಿಂಗಡಣೆ. ‘ಪೋಕ್ಸೊ ಕೈದಿ’ ಎಂಬ ಒಂದೇ ಜಾತಿ ಇಲ್ಲ. ನಮ್ಮ ಭಾಗದಲ್ಲಿ ಮೊದಲು ಬೇರೆ ಮಾಡಬೇಕಾದವರು ‘ಹುಡುಗಿನ್ನ ಓಡಿಸಿಕೊಂಡು ಹೋದ’ ಕೇಸಿನವರು: ಹತ್ತೊಂಬತ್ತು, ಇಪ್ಪತ್ತರ ಹುಡುಗ, ಹದಿನಾರು ಹದಿನೇಳರ ಹುಡುಗಿ, ಮನೆಯವರ ದೂರು. ಅಥವಾ ಬಾಲ್ಯವಿವಾಹವಾಗಿ, ಗರ್ಭಿಣಿ ತಪಾಸಣೆಗೆ ಬಂದಾಗ ಆಸ್ಪತ್ರೆಯವರು ಕಾನೂನಿನಂತೆ ವರದಿ ಮಾಡಿ ಗಂಡನೇ ಆರೋಪಿಯಾದದ್ದು. ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ ಅಸ್ಸಾಂ, ಮಹಾರಾಷ್ಟ್ರ, ಪಶ್ಚಿಮ ಬಂಗಾಳಗಳ 7,064 ಪೋಕ್ಸೊ ತೀರ್ಪುಗಳನ್ನು ಓದಿದಾಗ ಶೇ 24.3ರಷ್ಟು ಇಂಥ ಪ್ರೇಮ ಪ್ರಕರಣಗಳೇ ಇದ್ದವು. ಕಾನೂನಿನ ಕಣ್ಣಿಗೆ ಅಪರಾಧ ಅಪರಾಧವೇ. 18ರೊಳಗಿನವರ ಸಮ್ಮತಿಗೆ ಬೆಲೆ ಇಲ್ಲ ಎಂಬುದನ್ನು ಆ ಹುಡುಗನಿಗೆ ಸ್ಪಷ್ಟವಾಗಿ ತಿಳಿಸಬೇಕು. ಆದರೆ ಅವನನ್ನು ತಂದು ಮಕ್ಕಳ ಮೇಲೆ ಕಣ್ಣಿಟ್ಟವರ ಜೊತೆ ವರ್ಷಗಟ್ಟಲೆ ಕೂರಿಸಿದರೆ ಇಲ್ಲದ ಅಪಾಯವನ್ನು ನೀವೇ ಹುಟ್ಟಿಸಿದಂತೆ. ಅವನಿಗೆ ಬೇಕಾದದ್ದು ಕಾನೂನು ನೆರವು, ಓದು, ಕಸುಬು. ಹಾಗೆಂದು ‘ಪ್ರೀತಿ’ ಎಂದವರನ್ನೆಲ್ಲ ಈ ಪಟ್ಟಿಗೆ ಸೇರಿಸಬೇಡಿ. ಮೂವತ್ತೈದರ ಗಂಡಸು ಹದಿಮೂರರ ಹುಡುಗಿಯ ಬಗ್ಗೆ ಆಡುವ ‘ಪ್ರೀತಿ’ ಬೇರೆ. ವಯಸ್ಸಿನ ಅಂತರ, ಬೆದರಿಕೆ, ವಿಡಿಯೊ, ಮೋಸದ ಮದುವೆ ಮಾತು ಇವನ್ನು ತೀರ್ಪಿನ ಪ್ರತಿಯಲ್ಲೇ ನೋಡಿ ನಿರ್ಧರಿಸಿ. ಕೈದಿಯ ಬಾಯಿಮಾತು ಸಾಲದು.

ಉಳಿದವರು ಮತ್ತೆ ಲೈಂಗಿಕ ಅಪರಾಧ ಎಸಗುವ ಅಪಾಯವನ್ನು ಅಳೆಯಲು ಹೆಚ್ಚು ಬಳಕೆಯಲ್ಲಿರುವುದು ಸ್ಟ್ಯಾಟಿಕ್-99ಆರ್ ಎಂಬ ಮಾಪಕ. ವಯಸ್ಕ ಗಂಡಸರಿಗಾಗಿ ಮಾಡಿದ್ದು, ಹತ್ತು ಅಂಶ, ಕಡತ ನೋಡಿಯೇ ತುಂಬಬಹುದು: ಬಿಡುಗಡೆಯ ವಯಸ್ಸು, ಸಂಗಾತಿಯೊಡನೆ ಎರಡು ವರ್ಷ ಬಾಳಿದ್ದಾನೆಯೇ, ಈ ಕೇಸಿನಲ್ಲಿ ಲೈಂಗಿಕವಲ್ಲದ ಹಿಂಸೆಗೂ ಸಜೆಯಾಗಿದೆಯೇ, ಅಂಥ ಹಿಂಸೆ ಹಿಂದೆ ಇತ್ತೇ, ಹಿಂದಿನ ಲೈಂಗಿಕ ಅಪರಾಧಗಳು, ಹಿಂದೆ ಎಷ್ಟು ಸಲ ಸಜೆ, ಮೈಮುಟ್ಟದ ಲೈಂಗಿಕ ಅಪರಾಧದ ಸಜೆ, ನೆಂಟನಲ್ಲದ ಸಂತ್ರಸ್ತ, ಅಪರಿಚಿತ ಸಂತ್ರಸ್ತ, ಗಂಡು ಸಂತ್ರಸ್ತ. 60 ದಾಟಿದವನಿಗೆ ಮೂರು ಅಂಕ ಕಳೆಯುತ್ತದೆ, 35ರೊಳಗಿನವನಿಗೆ ಒಂದು ಕೂಡುತ್ತದೆ. ಇದನ್ನು ನಮ್ಮಲ್ಲಿ ಕಣ್ಣುಮುಚ್ಚಿ ಬಳಸಿದರೆ ಮೂರು ಕಡೆ ಎಡವುತ್ತೀರಿ. ಇಪ್ಪತ್ತಕ್ಕೇ ಮದುವೆ ಮಾಡಿಬಿಡುವ ಊರಲ್ಲಿ ‘ಸಂಗಾತಿಯೊಡನೆ ಬಾಳಿದ್ದಾನೆ’ ಎಂಬುದು ಅವನ ಸಂಬಂಧದ ಶಕ್ತಿಯ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಎರಡನೆಯದಾಗಿ, ಹಿಂದಿನ ಕೃತ್ಯಗಳು ತಾಂಡಾದಲ್ಲೋ ಊರ ಕಟ್ಟೆಯ ಮೇಲೋ ರಾಜಿಯಾಗಿ ಮುಗಿದಿರುತ್ತವೆ. ಠಾಣೆಯಲ್ಲಿ ಖಟ್ಲೆಯೇ ಇಲ್ಲ, ಅಂಕ ಸೊನ್ನೆ. ಮೂರನೆಯದು, ಮಗಳ ಮೇಲೆ, ತಂಗಿಯ ಮಗಳ ಮೇಲೆ ಕೈ ಹಾಕಿದವನಿಗೆ ಈ ಮಾಪಕದಲ್ಲಿ ಅಂಕ ಕಡಿಮೆ ಬರುತ್ತದೆ. ಬೀದಿಯ ಮಕ್ಕಳಿಗೆ ಅವನಿಂದ ಅಪಾಯ ಕಡಿಮೆ ಎಂಬುದು ನಿಜ, ಆದರೆ ಬಿಡುಗಡೆಯಾಗಿ ಅವನು ಹೋಗುವುದು ಅದೇ ಮನೆಗೆ. ಆದ್ದರಿಂದ ಮಾಪಕವನ್ನು ಕಡಿಮೆ, ಮಧ್ಯಮ, ಹೆಚ್ಚು ಎಂಬ ಸಾಲು ಹಚ್ಚಲು ಮಾತ್ರ ಬಳಸಿ. ಕೆನಡಾ, ಬ್ರಿಟನ್ ಕೈದಿಗಳ ಮೇಲೆ ತೆಗೆದ ಶೇಕಡಾವಾರು ಸಂಖ್ಯೆಯನ್ನು ಇಲ್ಲಿನ ವರದಿಯಲ್ಲಿ ಬರೆಯಬೇಡಿ. ಪ್ರೇಮ ಪ್ರಕರಣದ ಹುಡುಗರಿಗೆ, 18ರೊಳಗೆ ಅಪರಾಧ ಎಸಗಿದವರಿಗೆ ಇದು ಹೊಂದುವುದಿಲ್ಲ.

ಮಕ್ಕಳನ್ನು ಕೆಡಿಸಿದವರೆಲ್ಲರಿಗೂ ಮಕ್ಕಳ ಮೇಲೆಯೇ ಲೈಂಗಿಕ ಒಲವು ಇರುತ್ತದೆ ಎಂದಿಲ್ಲ. ಸುಮಾರು ಅರ್ಧದಷ್ಟು ಮಂದಿಗೆ ಇರುವುದಿಲ್ಲ. ಕುಡಿತ, ಒಂಟಿತನ, ಕೈಗೆ ಸಿಕ್ಕ ಅವಕಾಶ, ಯಾರೂ ಕೇಳುವುದಿಲ್ಲವೆಂಬ ಧೈರ್ಯ ಅವರ ಹಿಂದಿನ ಕಾರಣ. ಒಲವು ಇರಬಹುದೇ ಎಂದು ಊಹಿಸಲು ನಾಲ್ಕು ಪ್ರಶ್ನೆ ಸಾಕಾಗುತ್ತವೆ: ಗಂಡು ಮಗುವೇ, ಒಂದಕ್ಕಿಂತ ಹೆಚ್ಚು ಮಕ್ಕಳೇ, 12ರ ಕೆಳಗಿನ ಮಗುವೇ, ಹೊರಗಿನವರ ಮಗುವೇ. ಮೂರ್ನಾಲ್ಕಕ್ಕೆ ಹೌದು ಎಂದಾದರೆ ಮನೋವೈದ್ಯರ ಬಳಿಗೆ ಕಳಿಸಿ. ಸುಳ್ಳುಪತ್ತೆ ಯಂತ್ರ ತರೋಣ ಎಂದು ಯಾರಾದರೂ ಹೇಳಿದರೆ, ಒಪ್ಪಿಗೆಯಿಲ್ಲದೆ ಅದು ಕೂಡದು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ, ಕರ್ನಾಟಕದ್ದೇ ಸೆಲ್ವಿ ಪ್ರಕರಣದಲ್ಲಿ ಹೇಳಿದೆ. ಅರವತ್ತು ದಾಟಿ ಮೊದಲ ಸಲ ಇಂಥ ಕೃತ್ಯ ಎಸಗಿದವನಿದ್ದರೆ ಮರೆಗುಳಿತನದ, ಅದರಲ್ಲೂ ಮಿದುಳಿನ ಮುಂಭಾಗ ಸವೆಯುವ ಕಾಯಿಲೆಯ ತಪಾಸಣೆ ಮಾಡಿಸದೆ ಮುಂದುವರಿಯಬೇಡಿ. ಪಾರ್ಕಿನ್ಸನ್‌ಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಕಾಮ ಹತೋಟಿ ತಪ್ಪುವುದುಂಟು.

ಗುಂಪಿಗೆ ಎಂಟು ಮಂದಿ, ಹೆಚ್ಚೆಂದರೆ ಹತ್ತು. ನಡೆಸುವವರು ಇಬ್ಬರು, ಒಬ್ಬರು ಮಹಿಳೆಯಾದರೆ ಒಳ್ಳೆಯದು; ಹೆಣ್ಣಿನ ಮಾತನ್ನು ಇವರು ಹೇಗೆ ಕೇಳಿಸಿಕೊಳ್ಳುತ್ತಾರೆ ಎಂಬುದೇ ಅರ್ಧ ಮಾಹಿತಿ. ಒಂದು ಸಲಕ್ಕೆ ಒಂದೂವರೆ ತಾಸು, ವಾರಕ್ಕೆ ಎರಡು ಸಲ. ಮಧ್ಯಮ ಅಪಾಯದವನಿಗೆ ಒಟ್ಟು ನೂರು ತಾಸಿನ ಸುಮಾರು, ಹೆಚ್ಚು ಅಪಾಯದವನಿಗೆ ಇನ್ನೂರು, ಅದರಾಚೆಯವನಿಗೆ ಮುನ್ನೂರು ಎಂಬ ಲೆಕ್ಕ ರೂಢಿಯಲ್ಲಿದೆ. ಕಡಿಮೆ ಅಪಾಯದವನಿಗೆ ಈ ಗುಂಪು ಬೇಡವೇ ಬೇಡ. 2019ರ ತಿದ್ದುಪಡಿಯ ನಂತರ ಪೋಕ್ಸೊ ಸೆಕ್ಷನ್ 6ರಲ್ಲಿ, ಅಂದರೆ ಮಗುವಿನ ಮೇಲಿನ ತೀವ್ರ ಸ್ವರೂಪದ ಅತ್ಯಾಚಾರಕ್ಕೆ, ಕನಿಷ್ಠ 20 ವರ್ಷ ಸಜೆ. ಇಷ್ಟು ಉದ್ದದ ಸಜೆಯವನಿಗೆ ಮೊದಲನೇ ವರ್ಷವೇ ಇದನ್ನೆಲ್ಲ ಕಲಿಸಿದರೆ ಹೊರಗೆ ಹೋಗುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ಮುಖ್ಯ ಚಿಕಿತ್ಸೆಯನ್ನು ಕೊನೆಯ ಎರಡು ಮೂರು ವರ್ಷಕ್ಕೆ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಗುಂಪನ್ನು ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ಕಲಬುರಗಿಯ 42-43 ಡಿಗ್ರಿಯಲ್ಲಿ ಶೀಟಿನ ಕೋಣೆಯೊಳಗೆ ಮಧ್ಯಾಹ್ನ ಯಾರ ತಲೆಯೂ ಓಡುವುದಿಲ್ಲ. ಮಾನಸಿಕ ಕಾಯಿಲೆಯ ಮಾತ್ರೆ ನುಂಗುವವರಿಗೆ ಬೆವರು ಕಡಿಮೆಯಾಗಿ ಬಿಸಿಲಾಘಾತವೂ ಬೇಗ.

ಅಲ್ಲಿ ಮಾಡುವುದೇನು? ಕೃತ್ಯದ ವಿವರ ಬೇಡ. ಕೃತ್ಯಕ್ಕೆ ಮುಂಚಿನ ದಿನಗಳು ಬೇಕು. ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳಿ. ಡಿಸೆಂಬರಿನಲ್ಲಿ ತೊಗರಿ ಕಟಾವು, ಹೆಂಡತಿ ನಸುಕಿಗೇ ಹೊಲಕ್ಕೆ. ಗಂಡ ಸಾಲಗಾರನೊಡನೆ ಜಗಳವಾಡಿ ಬೆಳಿಗ್ಗೆಯೇ ಕುಡಿದು ಮನೆಗೆ ಬರುತ್ತಾನೆ. ಪಕ್ಕದ ಮನೆಯ ಹುಡುಗಿ ಮೊಬೈಲ್ ನೋಡಲು ಬರುವುದು ಅವನಿಗೆ ಗೊತ್ತು. ‘ನೋಡಿಕೊಂಡು ಹೋಗಲಿ ಬಿಡು’ ಎಂದು ಬಾಗಿಲು ತೆರೆದೇ ಇಡುತ್ತಾನೆ. ಇಲ್ಲಿ ಐದು ಕೊಂಡಿಗಳಿವೆ: ಸಾಲದ ಸಿಟ್ಟು, ಸಿಟ್ಟಿಗೆ ಕುಡಿತವೇ ಮದ್ದು ಎಂಬ ರೂಢಿ, ಒಂಟಿ ಮನೆ, ತನಗೆ ತಾನೇ ಹೇಳಿಕೊಂಡ ಸಣ್ಣ ಸುಳ್ಳು, ತೆರೆದ ಬಾಗಿಲು. ಗುಂಪಿನ ಕೆಲಸ ಪ್ರತಿ ಕೊಂಡಿಯನ್ನೂ ಎಲ್ಲಿ ಕಡಿಯಬಹುದಿತ್ತು ಎಂದು ಕೇಳಿ, ಆ ಕಡಿಯುವ ನಡೆಯನ್ನು ನಟಿಸಿ ರೂಢಿ ಮಾಡಿಸುವುದು: ಎದ್ದು ಹೊಲದ ಕಡೆ ನಡೆಯುವುದು, ಮಗುವನ್ನು ಅಂಗಳದಿಂದಲೇ ವಾಪಸ್ ಕಳಿಸುವುದು, ಅಣ್ಣನಿಗೆ ಫೋನ್ ಮಾಡುವುದು. ‘ನಾನು ಮಾಡಿಲ್ಲ’ ಎನ್ನುವವನ ಜೊತೆಗೂ ಈ ಕೆಲಸ ಸಾಗುತ್ತದೆ: ‘ಮತ್ತೊಮ್ಮೆ ಇಂಥ ಆರೋಪವೇ ಬರದಂತೆ ಬಾಳುವುದು ಹೇಗೆ’ ಎಂದು ಶುರು ಮಾಡಿದರೆ ಅವನೂ ಕೂರುತ್ತಾನೆ, ಕೊಂಡಿಗಳು ಅವೇ ಇರುತ್ತವೆ.

ಇದರ ಜೊತೆ ಕೆಲಸ ಬೇಡುವ ಸಂಗತಿಗಳು ಇವು: ಬೇಸರ, ಅವಮಾನ ಬಂದಾಗಲೆಲ್ಲ ಕಾಮದ ಮೊರೆ ಹೋಗುವುದು, ದಿನವಿಡೀ ಅದೇ ಯೋಚನೆ, ಹೆಣ್ಣಿನ ಮೇಲಿನ ದ್ವೇಷ, ದೊಡ್ಡವರಿಗಿಂತ ಮಕ್ಕಳ ಜೊತೆಯೇ ಹಾಯೆನಿಸುವುದು, ಮುಂದಾಲೋಚನೆ ಇಲ್ಲದಿರುವುದು, ಕೆಟ್ಟ ಒಡನಾಟ. ಓದು ಬಾರದವರಿಗೆ ಹಾಳೆ ಹಂಚಬೇಡಿ. ಚಿತ್ರದ ಕಾರ್ಡು, ಬಳ್ಳಿಗೆ ಗಂಟು ಹಾಕುವುದು, ಕಥೆ. ಭಾಷೆಯೂ ಮುಖ್ಯ. ಕನ್ನಡ ಬರುತ್ತದೆ ಎಂದವನೂ ಮನಸ್ಸಿನ ಮಾತನ್ನು ಆಡುವುದು ಲಂಬಾಣಿಯಲ್ಲೋ ದಖನಿಯಲ್ಲೋ ತೆಲುಗು, ಮರಾಠಿಯಲ್ಲೋ ಇರಬಹುದು. ದುಭಾಷಿಯಾಗಿ ಇನ್ನೊಬ್ಬ ಕೈದಿಯನ್ನು ಮಾತ್ರ ಕೂರಿಸಬೇಡಿ.

ಮೊದಲ ದಿನವೇ ಗೌಪ್ಯತೆಯ ಮಿತಿ ಹೇಳಿಬಿಡಿ. ಪೋಕ್ಸೊ ಸೆಕ್ಷನ್ 19ರ ಪ್ರಕಾರ, ಒಂದು ಮಗುವಿನ ಮೇಲೆ ದೌರ್ಜನ್ಯವಾಗಿದೆ ಎಂದು ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಸೆಕ್ಷನ್ 21ರಲ್ಲಿ ಆರು ತಿಂಗಳವರೆಗೆ ಸಜೆ ಅಥವಾ ದಂಡ, ಇಲ್ಲವೇ ಎರಡೂ. ‘ಹೆಸರು, ಊರು ಹೇಳಿದರೆ ನಾನು ತಿಳಿಸಬೇಕಾಗುತ್ತದೆ’ ಎಂದು ನೇರವಾಗಿ ಹೇಳಿ, ಅವನ ಭಾಷೆಯಲ್ಲಿ, ಎರಡು ಸಲ.

ಮುಲಾಖತ್ ಕಡೆ ನಿಮ್ಮ ಕಣ್ಣಿರಲಿ. ಅಪ್ಪನೇ ಆರೋಪಿಯಾದ ಕೇಸಿನಲ್ಲಿ ಮನೆಯವರು ಆ ಹುಡುಗಿಯನ್ನೇ ಕರೆತಂದು ಜಾಲರಿಯ ಮುಂದೆ ನಿಲ್ಲಿಸುವುದುಂಟು, ‘ಅಪ್ಪನ್ನ ಬಿಡಿಸು’ ಎಂದು. ಮಗು ಅಳುತ್ತದೆ, ಮುಂದಿನ ತಿಂಗಳು ಕೋರ್ಟಿನಲ್ಲಿ ಪ್ರತಿಕೂಲ ಸಾಕ್ಷಿಯಾಗುತ್ತದೆ. ಸಂತ್ರಸ್ತ ಮಗುವನ್ನು ಗುರುತು ಹಿಡಿದು ತಡೆಯಲು ಮುಲಾಖತ್ ನೋಂದಣಿಯ ಸಿಬ್ಬಂದಿಗೆ ಕೇಸಿನ ಸಂಬಂಧ ತಿಳಿದಿರಬೇಕು. ಕೈದಿ ಕರೆ ಮಾಡಬಹುದಾದ ಫೋನ್ ಸಂಖ್ಯೆಗಳ ಪಟ್ಟಿಗೂ ಇದೇ ಮಾತು. ಇಂಥದ್ದು ಕಂಡರೆ ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿಗೆ ಅದೇ ದಿನ ತಿಳಿಸಿ.

ಔಷಧದ ಬಗ್ಗೆ ಜನರಲ್ಲಿ ಇರುವುದು ‘ಇಂಜೆಕ್ಷನ್ ಕೊಟ್ಟು ಗಂಡಸುತನ ತೆಗೀರಿ’ ಎಂಬ ಒತ್ತಾಯ. 2013ರಲ್ಲಿ, ಅತ್ಯಾಚಾರದ ಕಾನೂನುಗಳನ್ನು ಪರಿಶೀಲಿಸಿದ ನ್ಯಾಯಮೂರ್ತಿ ವರ್ಮಾ ಸಮಿತಿ ಅದನ್ನು ಶಿಕ್ಷೆಯಾಗಿ ತಿರಸ್ಕರಿಸಿತು. ಚಿಕಿತ್ಸೆಯಾಗಿ ಔಷಧಕ್ಕೆ ಸ್ಥಾನವಿದೆ, ಆದರೆ ಕೆಲವರಿಗೆ ಮಾತ್ರ. ಕಾಮದ ಯೋಚನೆ ಹಿಡಿತಕ್ಕೆ ಸಿಗದವನಿಗೆ ಮೊದಲು ಕೊಡುವುದು ಖಿನ್ನತೆಗೂ ಕೊಡುವ ಫ್ಲುಯೊಕ್ಸೆಟಿನ್, ಸರ್ಟ್ರಲಿನ್ ಬಗೆಯ ಮಾತ್ರೆ. ಫ್ಲುಯೊಕ್ಸೆಟಿನ್ 20 ಮಿಲಿಗ್ರಾಂನಿಂದ ಶುರುವಾಗಿ ಗೀಳಿನ ಕಾಯಿಲೆಗೆ ಕೊಡುವ ಮಟ್ಟಕ್ಕೆ, 40-60ಕ್ಕೆ ಏರುತ್ತದೆ. ಫಲ ಕಾಣಲು ನಾಲ್ಕರಿಂದ ಆರು ವಾರ. ಮಕ್ಕಳ ಮೇಲಿನ ಒಲವು ತೀವ್ರವಾಗಿದ್ದು ಅಪಾಯ ಹೆಚ್ಚಿರುವವನಿಗೆ ಮಾತ್ರ ಲ್ಯೂಪ್ರೊಲೈಡ್‌ನಂಥ ಹಾರ್ಮೋನ್ ತಗ್ಗಿಸುವ ಇಂಜೆಕ್ಷನ್. ಮೊದಲ ವಾರಗಳಲ್ಲಿ ಹಾರ್ಮೋನ್ ಇಳಿಯುವ ಬದಲು ಏರುತ್ತದೆ, ಅದಕ್ಕೆ ಇನ್ನೊಂದು ಔಷಧದ ಆಸರೆ ಬೇಕು. ಮೂಳೆ ಸವೆಯುತ್ತದೆ, ತೂಕ ಏರುತ್ತದೆ, ಮಂಕು ಕವಿಯಬಹುದು. ಶುರುವಿಗೆ ಮುನ್ನವೂ ಆಮೇಲೂ ಮೂಳೆ ಸಾಂದ್ರತೆಯ ಪರೀಕ್ಷೆ, ರಕ್ತ ಪರೀಕ್ಷೆ ಆಗಲೇಬೇಕು. ಲಿಖಿತ ಒಪ್ಪಿಗೆ ಬೇಕು, ಯಾವಾಗ ಬೇಕಾದರೂ ಬೇಡವೆನ್ನುವ ಹಕ್ಕೂ ಇರಬೇಕು. ಜಾಮೀನಿಗೋ ಪೆರೋಲಿಗೋ ಇದನ್ನು ಷರತ್ತಾಗಿ ಹಾಕಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. ನಿರ್ಧಾರ ಮನೋವೈದ್ಯರದು, ಅಂದರೆ ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್‌ನಂಥ ವೈದ್ಯಕೀಯ ಕಾಲೇಜಿನ ಮಟ್ಟದಲ್ಲಿ ಆಗಬೇಕಾದ್ದು. ಜೈಲಿನ ಡಿಸ್ಪೆನ್ಸರಿಯಲ್ಲಿ ಅಲ್ಲ.

ಕೊನೆಯ ಆರು ತಿಂಗಳು ಬಿಡುಗಡೆಯ ಸಿದ್ಧತೆ. ಎಲ್ಲಿ ಮಲಗುತ್ತಾನೆ, ಆ ಮನೆಯಲ್ಲಿ ಮಕ್ಕಳಿದ್ದಾರೆಯೇ, ಸಂತ್ರಸ್ತೆಯ ಮನೆ ಎಷ್ಟು ದೂರ, ಏನು ಕೆಲಸ, ಅವನ ಕೇಸಿನ ಪೂರ್ತಿ ವಿಷಯ ಗೊತ್ತಿದ್ದೂ ಅವನ ಮೇಲೆ ಕಣ್ಣಿಡಲು ಒಪ್ಪಿದ ದೊಡ್ಡವರು ಯಾರು. ಕೆನಡಾದಲ್ಲಿ 1994ರಿಂದ ತರಬೇತಿ ಪಡೆದ ನಾಲ್ಕೈದು ಸ್ವಯಂಸೇವಕರ ಸುತ್ತುಬಳಗ ಈ ಕೆಲಸ ಮಾಡುತ್ತ ಬಂದಿದೆ. ನಮ್ಮಲ್ಲಿ ಅದು ಅಣ್ಣ, ಮಾವ, ಕೆಲಸ ಕೊಟ್ಟ ಮಾಲೀಕ ಆಗಬಹುದು. ಶಾಲಾ ಮಕ್ಕಳ ಆಟೊ, ವಸತಿನಿಲಯದ ಅಡುಗೆ, ಟ್ಯೂಷನ್, ಮೊಬೈಲ್ ರೀಚಾರ್ಜ್ ಅಂಗಡಿ ಇವು ಬೇಡ. ಹೆಚ್ಚಿನ ಯೋಜನೆಗಳು ಮುರಿಯುವುದು ಗುಳೆಯಲ್ಲಿ: ಊರಲ್ಲಿ ಮುಖ ತೋರಿಸಲಾಗದೆ ಮುಂಬೈ, ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೊರಡುತ್ತಾನೆ, ಅಲ್ಲಿನ ಶೆಡ್ಡಿನಲ್ಲಿ ಕೂಲಿಕಾರರ ಮಕ್ಕಳು ದಿನವಿಡೀ ಒಂಟಿಯಾಗಿರುತ್ತಾರೆ. ‘ಗುಳೆ ಹೋದರೆ ಏನು ಮಾಡುತ್ತೀ’ ಎಂಬುದನ್ನು ಕೊಂಡಿಯ ಪಾಠದಲ್ಲೇ ಸೇರಿಸಿ. 2020ರ ಪೋಕ್ಸೊ ನಿಯಮಗಳಂತೆ ಆರೋಪಿಯ ಜಾಮೀನು, ಬಿಡುಗಡೆಯ ಸುದ್ದಿ ಸಂತ್ರಸ್ತ ಮಗುವಿನ ಕಡೆಯವರಿಗೆ ತಿಳಿಯಬೇಕು. ದಿನಾಂಕ ಗೊತ್ತಾದ ಕೂಡಲೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿದೆಯೇ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ. ಮಾತ್ರೆ ನುಂಗುವವನಾದರೆ ಗೇಟು ದಾಟುವಾಗ ಅವನ ಕೈಯಲ್ಲಿ ಒಂದು ತಿಂಗಳ ಮಾತ್ರೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಹೊರರೋಗಿ ವಿಭಾಗಕ್ಕೆ ತಾರೀಕು ಬರೆದ ಚೀಟಿ, ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಇರಲಿ. ಚೀಟಿಯಲ್ಲಿ ಕಾಯಿಲೆಯ ಹೆಸರು, ಔಷಧ, ಪ್ರಮಾಣ ಇಷ್ಟೇ ಇರಬೇಕು. ಸೆಕ್ಷನ್ ನಂಬರ್ ಬರೆದ ಚೀಟಿಯನ್ನು ಅವನು ಬಸ್ ಸ್ಟ್ಯಾಂಡಿನಲ್ಲೇ ಹರಿದು ಎಸೆಯುತ್ತಾನೆ.